ಕಪ್ಪು ನಾಯಿ, ಓಡುವ ಮಗು, ಕುಗ್ಗಿದ ಬೆಟ್ಟ: ಫೋಟೊ ಕೆಡುವುದು ಎಲ್ಲಿ?

ಪ್ರಶ್ನೆ: ನನ್ನ ಬಳಿ 18–55 ಎಂಎಂ ಕಿಟ್ ಲೆನ್ಸ್ ಇರುವ, ಎಪಿಎಸ್-ಸಿ ಗಾತ್ರದ ಸೆನ್ಸರಿನ (ಬೆಳಕು ಹಿಡಿಯುವ ಫಲಕ) ಮಿರರ್‌ಲೆಸ್ ಕ್ಯಾಮೆರಾ ಇದೆ. ಫೋನೂ ಇದೆ. ಮನೆಯಲ್ಲಿ ನಮ್ಮ ಕಪ್ಪು ನಾಯಿಯ ಫೋಟೊ ತೆಗೆದರೆ ಕಣ್ಣು ಮೂಗು ಕಾಣದ ಮುದ್ದೆಯಂತೆ ಬರುತ್ತದೆ. ಮೂರು ವರ್ಷದ ಮಗಳು ಸಂಜೆ ಆಡುವಾಗ ತೆಗೆದ ಹತ್ತರಲ್ಲಿ ಒಂಬತ್ತು ಮಸುಕು. ಪ್ರವಾಸದಲ್ಲಿ ಕಣ್ಣೆದುರು ಎದ್ದು ನಿಂತ ಬೆಟ್ಟ ಫೋಟೊದಲ್ಲಿ ಗುಡ್ಡೆಯಾಗುತ್ತದೆ, ಆಕಾಶ ಬರೀ ಬಿಳಿ ಹಾಳೆ. ಎಲ್ಲವನ್ನೂ ಆಟೊ ಮೋಡಿನಲ್ಲೇ ತೆಗೆಯುತ್ತೇನೆ. ಕ್ಯಾಮೆರಾ ಬದಲಿಸಬೇಕೇ, ಲೆನ್ಸ್ ಕೊಳ್ಳಬೇಕೇ?

ಉತ್ತರ: ಕ್ಯಾಮೆರಾ ಬದಲಿಸಬೇಡಿ. ಲೆನ್ಸಿನ ಮಾತು ಕೊನೆಗಿರಲಿ, ಏಕೆಂದರೆ ನಿಮ್ಮ ಮೂರು ದೂರುಗಳಲ್ಲಿ ಒಂದಕ್ಕೆ ಮಾತ್ರ ಅದು ಮದ್ದು. ಮಗಳ ಚಿತ್ರ ಕೆಡುತ್ತಿರುವುದು ಶಟರ್ ವೇಗದಿಂದ, ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಅವಧಿಯಿಂದ. ನಾಯಿಯದು ಮೀಟರಿಂಗ್ (ಕ್ಯಾಮೆರಾ ಬೆಳಕನ್ನು ಅಳೆಯುವ ಬಗೆ) ಮತ್ತು ಬೆಳಕಿನ ದಿಕ್ಕಿನಿಂದ. ಬೆಟ್ಟದ್ದು ನೀವು ನಿಂತ ಜಾಗದಿಂದ. ಎದುರಿಗಿರುವುದು ಮುಖವೋ ಮರವೋ ಎಂದು ಆಟೊ ಮೋಡ್ ಊಹಿಸಬಲ್ಲದು, ಆದರೆ ಆ ಹೊತ್ತಿನಲ್ಲಿ ನಿಮಗೆ ಯಾವುದು ಕೆಡಬಾರದು ಎಂಬುದು ಅದಕ್ಕೆ ತಿಳಿಯದು. ಪ್ರತಿ ಸಲ ಒಂದೇ ಒಂದು ಸಂಗತಿಯನ್ನು ನೀವು ಹಿಡಿದಿಟ್ಟುಕೊಂಡು ಉಳಿದದ್ದನ್ನು ಕ್ಯಾಮೆರಾಕ್ಕೆ ಬಿಟ್ಟರೆ ಸಾಕು. ಪೂರ್ತಿ ಮ್ಯಾನ್ಯುಯಲ್ ಕಲಿಯಬೇಕಾದ ಅಗತ್ಯವಿಲ್ಲ.

ಮಗಳಿಂದ ಶುರು ಮಾಡೋಣ. ದೀಪ ಹಾಕಿದ ಕೋಣೆ ನಮ್ಮ ಕಣ್ಣಿಗೆ ಎಷ್ಟು ಬೆಳಗಾಗಿ ಕಂಡರೂ ಕ್ಯಾಮೆರಾದ ಲೆಕ್ಕದಲ್ಲಿ ಕತ್ತಲೆಗೆ ಹತ್ತಿರ. ನಿಮ್ಮ ಲೆನ್ಸ್ 55 ಎಂಎಂ ತುದಿಯಲ್ಲಿ ಹೆಚ್ಚೆಂದರೆ ಎಫ್/5.6ರಷ್ಟು ತೆರೆಯುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಂಡಿ, ಅಂದರೆ ಅಪರ್ಚರ್, ದೊಡ್ಡದು). ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ ಅನ್ನು 3200ಕ್ಕೆ ಏರಿಸಿದರೂ ಅಲ್ಲಿ ಸಿಗುವ ಶಟರ್ ವೇಗ ಸುಮಾರು 1/30 ಸೆಕೆಂಡ್. ಕೂತು ಮಾತಾಡುವ ದೊಡ್ಡವರಿಗೆ 1/125 ಬೇಕು, ಆಟಿಕೆ ಜೋಡಿಸುತ್ತಿರುವ ಮಗುವಿಗೆ 1/250, ಓಡುವ ಮಗುವಿಗೆ 1/500, ಚೆಂಡಿನ ಬೆನ್ನುಬಿದ್ದ ನಾಯಿಗೆ 1/1000 ಅಥವಾ ಅದಕ್ಕೂ ಹೆಚ್ಚು. 1/30ರಿಂದ 1/250ಕ್ಕೆ ಹೋಗಲು ಎಂಟು ಪಟ್ಟು ಬೆಳಕು ಬೇಕಾಗುತ್ತದೆ. ಲೆನ್ಸಿನ ಸ್ಟೆಬಿಲೈಸೇಷನ್ ಇಲ್ಲಿ ಕೈಕೊಡುತ್ತದೆ. ಅದು ತಡೆಯುವುದು ನಿಮ್ಮ ಕೈನಡುಕವನ್ನು, ಮಗುವಿನ ಓಟವನ್ನಲ್ಲ.

ಕೆಟ್ಟ ಚಿತ್ರಗಳನ್ನು ಅಳಿಸುವ ಮೊದಲು ದೊಡ್ಡದು ಮಾಡಿ ನೋಡಿ, ಕಾರಣ ಅವೇ ಹೇಳುತ್ತವೆ. ಗೋಡೆ ಸೋಫಾ ಸ್ಪಷ್ಟವಾಗಿದ್ದು ಮಗುವಿನ ಕೈಕಾಲು ಗೆರೆ ಎಳೆದಂತಿದ್ದರೆ ಶಟರ್ ನಿಧಾನವಾಗಿದೆ. ಚೌಕಟ್ಟಿನಲ್ಲಿರುವ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಗೆರೆ ಏನೂ ಇಲ್ಲದೆ ಮುಖ ಮೆತ್ತಗೆ, ಹಿಂದಿನ ಪರದೆ ಚೂಪಾಗಿ ಬಂದಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಪರಿಹಾರ ಬೇರೆಬೇರೆ. ಮಸುಕು ಎಂಬ ಒಂದೇ ಹೆಸರಿಟ್ಟು ಮೂರನ್ನೂ ಒಟ್ಟಿಗೆ ಬಯ್ಯುವುದರಿಂದಲೇ ಜನ ಬೇಡದ ಲೆನ್ಸ್ ಕೊಳ್ಳುತ್ತಾರೆ.

ಆ ಎಂಟು ಪಟ್ಟು ಬೆಳಕು ಎಲ್ಲಿಂದ ತರುವುದು? ಜೂಮನ್ನು 18 ಎಂಎಂ ತುದಿಗೆ ತಂದರೆ ನಿಮ್ಮ ಲೆನ್ಸ್ ಎಫ್/3.5ರಷ್ಟು ತೆರೆಯುತ್ತದೆ, ಎರಡೂವರೆ ಪಟ್ಟು ಬೆಳಕು ಅಲ್ಲೇ ಸಿಕ್ಕಿತು. ಐಎಸ್‌ಒ 6400 ಮಾಡಿದರೆ ಅದು ಐದು ಪಟ್ಟು. ಅಂದರೆ 1/150ರ ಆಸುಪಾಸು. ಕುಳಿತು ಆಡುವ ಮಗುವಿಗೆ ಹೆಚ್ಚುಕಡಿಮೆ ಸಾಕು. ಆದರೆ ಎಲ್ಲಕ್ಕಿಂತ ಅಗ್ಗದ ಉಪಾಯ ಆಟವನ್ನೇ ಹಗಲಿಗೆ, ದೊಡ್ಡ ಕಿಟಕಿಯ ಬಳಿಗೆ ಸಾಗಿಸುವುದು. ಕಿಟಕಿಯಿಂದ ಒಂದು ಮೀಟರ್ ಒಳಗೆ ರಾತ್ರಿ ದೀಪಕ್ಕಿಂತ ಎಂಟು ಪಟ್ಟು, ಎಷ್ಟೋ ಸಲ ಅದಕ್ಕೂ ಹೆಚ್ಚು ಬೆಳಕು ಇರುತ್ತದೆ. ಅಲ್ಲಿಂದ ಕೋಣೆಯ ಒಳಗೆ ಹೋದಂತೆ ಬೆಳಕು ಸರಸರನೆ ಇಳಿಯುತ್ತದೆ. ಆಟಿಕೆಯ ಬುಟ್ಟಿಯನ್ನು ಕಿಟಕಿಯ ಬುಡದಲ್ಲಿಟ್ಟರೆ ಮಗು ತಾನಾಗಿ ಅಲ್ಲಿಗೆ ಬರುತ್ತದೆ. ‘ಇಲ್ಲಿ ನಿಲ್ಲು, ನಗು’ ಎನ್ನುವ ಅಗತ್ಯ ಬೀಳುವುದಿಲ್ಲ.

ಸೆಟ್ಟಿಂಗ್ ಹೀಗಿರಲಿ. ಮೋಡ್ ಡಯಲನ್ನು ಶಟರ್ ಆದ್ಯತೆಗೆ ತಿರುಗಿಸಿ. ನಿಕಾನ್, ಸೋನಿಗಳಲ್ಲಿ ಅದು ‘ಎಸ್’, ಕ್ಯಾನನ್‌ನಲ್ಲಿ ‘ಟಿವಿ’. ವೇಗ 1/250. ಆಟೊ ಐಎಸ್‌ಒ ಹಾಕಿ, ಗರಿಷ್ಠ ಮಿತಿ 6400. ಬೆಳಕು ಸಾಲದಾದಾಗ ಕ್ಯಾಮೆರಾ ಐಎಸ್‌ಒ ಏರಿಸುತ್ತಾ ಹೋಗಿ ಮಿತಿ ಮುಟ್ಟುತ್ತದೆ, ಆಮೇಲೆ ಚಿತ್ರ ಕಪ್ಪಾಗತೊಡಗುತ್ತದೆ. ಆಗ 1/160ಕ್ಕೆ ಇಳಿದು, ಚಲನೆ ಒಂದು ಗಳಿಗೆ ನಿಲ್ಲುವ ಹೊತ್ತಿಗೆ ಕಾಯಿರಿ: ಉಯ್ಯಾಲೆ ಮೇಲೇರಿ ಹಿಂತಿರುಗುವ ಮುನ್ನ, ಜಿಗಿತದ ತುದಿಯಲ್ಲಿ, ನಗು ಮುಗಿದು ಉಸಿರೆಳೆದುಕೊಳ್ಳುವಾಗ. ಐಎಸ್‌ಒ ಏರಿಸಿದರೆ ಕಾಳುಕಾಳು ಬರುತ್ತದೆಂದು ಹೆದರುವವರು ಬಹಳ. ಕಾಳನ್ನು ತಂತ್ರಾಂಶದಲ್ಲಿ ಬಹುಪಾಲು ತೆಗೆಯಬಹುದು. ಅಲುಗಿದ ಕಣ್ಣನ್ನು ಮತ್ತೆ ನಿಲ್ಲಿಸಲು ಆಗದು.

ಫೋಕಸನ್ನು ನಿರಂತರ ಮೋಡಿಗೆ ಹಾಕಿ; ಕೆಲವು ಕ್ಯಾಮೆರಾಗಳಲ್ಲಿ ಎಎಫ್-ಸಿ ಎಂದೂ ಕ್ಯಾನನ್‌ನಲ್ಲಿ ಸರ್ವೋ ಎಂದೂ ಇರುತ್ತದೆ. ಒಂಟಿ ಫೋಕಸ್ ಮೋಡಿನಲ್ಲಿ ಬಟನ್ ಅರ್ಧ ಒತ್ತಿದಾಗ ಇದ್ದ ದೂರಕ್ಕೇ ಲೆನ್ಸ್ ಬೀಗ ಹಾಕಿಕೊಳ್ಳುತ್ತದೆ, ಅಷ್ಟರಲ್ಲಿ ಮಗು ಒಂದಡಿ ಮುಂದೆ ಬಂದಿರುತ್ತದೆ. ಕಣ್ಣು ಗುರುತಿಸುವ ಸೌಲಭ್ಯವಿದ್ದರೆ ಚಾಲೂ ಮಾಡಿ. ಅದರಲ್ಲಿ ಮನುಷ್ಯ, ಪ್ರಾಣಿ ಎಂಬ ಎರಡು ಆಯ್ಕೆಗಳಿರುವ ಕ್ಯಾಮೆರಾಗಳಲ್ಲಿ ನಾಯಿಗೆ ಒಂದು, ಮಗಳಿಗೆ ಇನ್ನೊಂದು ಬದಲಿಸಲು ಮರೆಯಬೇಡಿ. ಕಣ್ಣೇ ಹಿಡಿಯುತ್ತಿಲ್ಲ ಎಂಬ ದೂರುಗಳಿಗೆ ಎಷ್ಟೋ ಸಲ ಇದೇ ಕಾರಣ.

ಕಿಟಕಿಯ ಬಗ್ಗೆ ಇನ್ನೆರಡು ಮಾತು. ಹಗಲಲ್ಲಿ ಕೋಣೆಯ ದೀಪಗಳನ್ನು ಆರಿಸಿಬಿಡಿ. ಬಣ್ಣದ ಅಳತೆಯಲ್ಲಿ ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ದೀಪ 2700ರಿಂದ 3000. ಎರಡೂ ಬೆರೆತರೆ ಮುಖದ ಒಂದು ಪಕ್ಕ ನೀಲಿ, ಇನ್ನೊಂದು ಕಿತ್ತಳೆ, ಯಾವ ವೈಟ್ ಬ್ಯಾಲೆನ್ಸ್ (ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಹಾಕಿದರೂ ಒಂದು ಕಡೆ ಕೆಡುತ್ತದೆ. ಕಿಟಕಿಗೆ ಬೆನ್ನು ಮಾಡಿಸಿ ಕೂರಿಸಬೇಡಿ, ನೇರ ಮುಖ ಮಾಡಿಸಲೂ ಬೇಡಿ. ಸುಮಾರು 45 ಡಿಗ್ರಿ ಓರೆ ಇದ್ದರೆ ಕೆನ್ನೆ ಮೂಗುಗಳಿಗೆ ಆಕಾರ ಬರುತ್ತದೆ. ನೆರಳಿನ ಪಕ್ಕ ತೀರಾ ಕಪ್ಪಾದರೆ ಅರ್ಧ ಮೀಟರ್ ದೂರದಲ್ಲಿ ಬಿಳಿ ಹಾಳೆಯೋ ಬೆಡ್‌ಶೀಟೋ ಹಿಡಿದರೆ ಸಾಕು. ಎಲ್‌ಇಡಿ ದೀಪದಲ್ಲಿ ತೆಗೆದ ಚಿತ್ರದಲ್ಲಿ ಅಡ್ಡಡ್ಡ ಪಟ್ಟೆಗಳು ಬಂದರೆ ಕ್ಯಾಮೆರಾ ಕೆಟ್ಟಿಲ್ಲ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಆ ಮಿನುಗನ್ನು ಸಾಲುಸಾಲಾಗಿ ಓದುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ವೇಗ 1/100 ಅಥವಾ 1/50ಕ್ಕೆ ತನ್ನಿ.

ಈಗ ಕಪ್ಪು ನಾಯಿ. ಕ್ಯಾಮೆರಾದ ಮೀಟರ್ ತನ್ನ ಮುಂದೆ ಏನಿದ್ದರೂ ಸರಾಸರಿಯಲ್ಲಿ ಅದು ನಡುಬೂದು ಬಣ್ಣದ್ದೆಂದು ನಂಬುತ್ತದೆ. ನಾಯಿ ಚೌಕಟ್ಟು ತುಂಬ ಇದ್ದರೆ ‘ಅಯ್ಯೋ ಕತ್ತಲೆ’ ಎಂದು ಬೆಳಕು ಹೆಚ್ಚಿಸಿ, ಕಪ್ಪು ತುಪ್ಪಳವನ್ನು ಬೂದಿ ಬಳಿದಂತೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ಬೆಳಗಿಸುವ ಅಥವಾ ಕಪ್ಪಾಗಿಸುವ +/– ಸೆಟ್ಟಿಂಗ್) –0.7ರಿಂದ –1. ಬಿಳಿ ಗೋಡೆ ಅಥವಾ ಬಿಸಿಲು ಬಿದ್ದ ಅಂಗಳದ ಮುಂದೆ ನಾಯಿ ಚಿಕ್ಕದಾಗಿ ನಿಂತಿದ್ದರೆ ಹಿಂದಿನ ಬೆಳಕು ನೋಡಿ ಎಲ್ಲವನ್ನೂ ಕಪ್ಪಾಗಿಸುತ್ತದೆ. ಆಗ +1ರಿಂದ +1.5. ನಿಮ್ಮ ‘ಮುದ್ದೆ’ ಹುಟ್ಟುವುದು ಈ ಎರಡನೆಯದರಲ್ಲಿ. ಒಂದೇ ನಾಯಿಗೆ ಒಮ್ಮೆ ಕಳೆಯಬೇಕು, ಒಮ್ಮೆ ಕೂಡಿಸಬೇಕು ಎಂಬುದೇ ಎಲ್ಲರನ್ನೂ ಗಲಿಬಿಲಿ ಮಾಡುತ್ತದೆ. ನಾಯಿಯ ಬಣ್ಣಕ್ಕಿಂತ ಚೌಕಟ್ಟಿನಲ್ಲಿ ಯಾವ ಬಣ್ಣ ಹೆಚ್ಚು ಜಾಗ ಹಿಡಿದಿದೆ ಎಂಬುದನ್ನು ನೋಡಿ. ಬಿಳಿ ಬೆಕ್ಕು ಚೌಕಟ್ಟು ತುಂಬಿದ್ದರೆ ಲೆಕ್ಕ ತಿರುಗುಮುರುಗು, +0.7ರಿಂದ +1.3.

ಇಷ್ಟೆಲ್ಲ ಸರಿಯಿದ್ದರೂ ಕಪ್ಪು ತುಪ್ಪಳ ಚಪ್ಪಟೆಯಾಗಿ ಕಾಣಬಹುದು. ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ. ಅದಕ್ಕೆ ಆಕಾರ ಕೊಡುವುದು ಕೂದಲ ಮೇಲಿನ ಹೊಳಪು ಮಾತ್ರ. ಹೊಳಪು ಬರಬೇಕಾದರೆ ಬೆಳಕು ಪಕ್ಕದಿಂದ ಅಥವಾ ತುಸು ಹಿಂದಿನಿಂದ ಜಾರಿಕೊಂಡು ಬರಬೇಕು, ಮೂಲವೂ ಅಗಲವಾಗಿರಬೇಕು. ದೊಡ್ಡ ಕಿಟಕಿ ಅಥವಾ ಮೋಡ ಮುಸುಕಿದ ಆಕಾಶ ಹೇಳಿ ಮಾಡಿಸಿದ್ದು. ನಡುಹಗಲ ಬಿಸಿಲಲ್ಲಿ ಬೆನ್ನು ಬೆಳ್ಳಗೆ ಹೊಳೆದು ಮುಖ ಗುಹೆಯಾಗುತ್ತದೆ. ಕಡುಬಣ್ಣದ ಸೋಫಾದ ಮೇಲೆ ಕೂರಿಸಬೇಡಿ, ಅಂಚೇ ಕಾಣುವುದಿಲ್ಲ. ತಿಳಿ ಬಣ್ಣದ ನೆಲದ ಮೇಲೆ ಮಲಗಿಸಿದರೆ ನೆಲ ಕೆಳಗಿನಿಂದ ಬೆಳಕು ತಿರುಗಿಸಿ ಗಲ್ಲವನ್ನೂ ಕಣ್ಣಿನ ಗುಳಿಯನ್ನೂ ತೆರೆದು ತೋರಿಸುತ್ತದೆ. ಕಪ್ಪು ಮುಖದ ಕಪ್ಪು ಕಣ್ಣು ಎದ್ದು ಕಾಣುವುದು ಅದರಲ್ಲಿ ಕಿಟಕಿಯ ಬಿಂಬ ಮಿಂಚಿದಾಗ ಮಾತ್ರ. ನೀವು ನೆಲದ ಮೇಲೆ ಕೂತು, ನಾಯಿ ತಲೆಯನ್ನು ಕಿಟಕಿಯ ಕಡೆಗೆ ತುಸು ತಿರುಗಿಸುವವರೆಗೂ ಕಾಯಿರಿ. ಆ ಚುಕ್ಕೆ ಮೂಡಿದೊಡನೆ ಕ್ಲಿಕ್ಕಿಸಿ.

ಉದ್ದ ಮೂತಿಯ ನಾಯಿಯಲ್ಲಿ ಇನ್ನೊಂದು ತೊಡಕು. 50 ಎಂಎಂ ಲೆನ್ಸಿನಲ್ಲಿ ಎಫ್/1.8 ಇಟ್ಟು ಒಂದು ಮೀಟರಿನಿಂದ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಬರೀ 3 ಸೆಂಟಿಮೀಟರ್. ಮೂಗು ಚೂಪಾಗಿ, ಕಣ್ಣು ಕರಗಿಹೋಗುತ್ತದೆ. ಒಂದೂವರೆ ಮೀಟರ್ ದೂರಕ್ಕೆ ಸರಿದು ಎಫ್/4 ಇಟ್ಟರೆ ಆಳ ಸುಮಾರು 14 ಸೆಂಟಿಮೀಟರ್. ಮೂತಿ ಕಣ್ಣು ಎರಡೂ ಬರುತ್ತವೆ, ಹಿನ್ನೆಲೆಯೂ ಮೆತ್ತಗಿರುತ್ತದೆ. ಬೆಕ್ಕಿನ ಮುಖ ಚಪ್ಪಟೆಯಾದ್ದರಿಂದ ಅಲ್ಲಿ ಈ ತಾಪತ್ರಯ ಕಡಿಮೆ.

ಗಮನ ಸೆಳೆಯಲು ವಿಚಿತ್ರ ಸದ್ದು ಮಾಡುವುದು ಒಳ್ಳೆಯ ಉಪಾಯವೇ, ಆದರೆ ಅದಕ್ಕೆ ಆಯುಷ್ಯ ಎರಡು ಮೂರು ಸಲ. ಸೆಟ್ಟಿಂಗ್ ಸರಿಮಾಡಿಕೊಂಡು, ಬೆರಳು ಬಟನ್ ಮೇಲಿಟ್ಟ ಮೇಲೆಯೇ ಸದ್ದು ಮಾಡಿ. ತಿನಿಸನ್ನು ಲೆನ್ಸಿನ ಮೇಲಂಚಿಗೆ ತಾಗಿಸಿ ಹಿಡಿಯಿರಿ. ದೂರ ಹಿಡಿದರೆ ನೋಟ ಎತ್ತಲೋ ಹೋಗುತ್ತದೆ. ಐದು ಹತ್ತು ನಿಮಿಷಕ್ಕಿಂತ ಎಳೆಯಬೇಡಿ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ತಿರುಗಿಸಿ ಕಣ್ಣಂಚಿನ ಬಿಳಿ ತೋರಿಸುವುದು, ಕಿವಿ ಹಿಂದಕ್ಕೆ ಒತ್ತುವುದು ನಾಯಿಗೆ ಸಾಕಾಗಿದೆ ಎಂಬುದರ ಗುರುತು. ದೊಡ್ಡ ಲೆನ್ಸು ನೇರ ದಿಟ್ಟಿಸುವುದನ್ನು ಕೆಲವು ನಾಯಿಗಳು ಬೆದರಿಕೆ ಎಂದುಕೊಳ್ಳುತ್ತವೆ. ಅಂಥವಕ್ಕೆ ಎರಡು ದಿನ ಕ್ಯಾಮೆರಾವನ್ನು ನೆಲದ ಮೇಲಿಟ್ಟು ಮೂಸಿನೋಡಲು ಬಿಡಿ.

ನೇರ ಫ್ಲ್ಯಾಶ್ ಬೇಡ. ನಾಯಿ ಬೆಕ್ಕುಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ತಿರುಗಿಸಿ ಕಳಿಸುವ ಕನ್ನಡಿಯಂಥ ಪದರವಿದೆ, ಹಸಿರು ಹಳದಿ ಹೊಳಪು ಬರುವುದು ಅದರಿಂದ. ಮನುಷ್ಯರ ಕಣ್ಣು ಕೆಂಪಾಗುವುದಕ್ಕೆ ಕಾರಣ ಬೇರೆ, ಒಳಗಿನ ರಕ್ತನಾಳಗಳು. ಫ್ಲ್ಯಾಶ್ ಬೇಕೇಬೇಕೆಂದರೆ ತಲೆ ತಿರುಗಿಸಬಲ್ಲದ್ದನ್ನು ತೆಗೆದುಕೊಂಡು ಬಿಳಿ ಛಾವಣಿಗೆ ಹೊಡೆಯಿರಿ. ಛಾವಣಿಗೆ ಬಣ್ಣವಿದ್ದರೆ ಅದೇ ಬಣ್ಣ ಮುಖಕ್ಕೂ ಇಳಿಯುತ್ತದೆ.

ಮನೆಮಂದಿಯ ಮುಖಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಫೋನಿನ ಮಟ್ಟಿಗೆ ಒಂದು ಮಾತು ಹೇಳಲೇಬೇಕು. ಕೈಯಳತೆಯಲ್ಲಿ ಫೋನ್ ಹಿಡಿದರೆ ಮೂಗು ದಪ್ಪವಾಗಿ ಕಿವಿ ಮರೆಯಾಗುವುದಕ್ಕೆ ಲೆನ್ಸ್ ಕಾರಣವಲ್ಲ, ದೂರ ಕಾರಣ. ಮೂಗಿನಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಎಂದುಕೊಳ್ಳಿ. 40 ಸೆಂಟಿಮೀಟರಿನಿಂದ ನೋಡಿದಾಗ ಮೂಗು ಕಿವಿಗಿಂತ ಶೇ 30ರಷ್ಟು ಹಿಗ್ಗಿ ಕಾಣುತ್ತದೆ, ಎರಡು ಮೀಟರಿನಿಂದ ಶೇ 6 ಮಾತ್ರ. ಆದ್ದರಿಂದ ಹಿಂದೆ ಸರಿದು 2x ಒತ್ತಿ. ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸುತ್ತಿದ್ದರೆ ಗಲ್ಲವನ್ನು ಸ್ವಲ್ಪ ತಗ್ಗಿಸಲು ಹೇಳಿ, ಅಥವಾ ಕನ್ನಡಕದ ಕಡ್ಡಿಯನ್ನು ಕಿವಿಯ ಮೇಲೆ ಅರ್ಧ ಸೆಂಟಿಮೀಟರ್ ಎತ್ತಿ. ಗಾಜು ಕೆಳಗೆ ವಾಲಿ ಹೊಳಪು ಜಾರುತ್ತದೆ. ಅಜ್ಜ ಅಜ್ಜಿಯರ ಸುಕ್ಕುಗಳನ್ನು ಪಕ್ಕದ ಗಡುಸು ಬೆಳಕು ಕೆತ್ತಿದಂತೆ ತೋರಿಸುತ್ತದೆ. ಕೆಲವರಿಗೆ ಅದು ಇಷ್ಟ, ಹಲವರಿಗಲ್ಲ, ಅವರನ್ನೇ ಕೇಳಿ. ಎರಡು ಸಾಲಿನ ಗುಂಪಿಗೆ ಎಫ್/5.6ರಿಂದ ಎಫ್/8, ಫೋಕಸ್ ಮುಂದಿನ ಸಾಲಿನ ಮೇಲೆ, ಕನಿಷ್ಠ ಐದು ಚಿತ್ರ. ಯಾರಾದರೊಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ.

ಬೆಟ್ಟಕ್ಕೆ ಬರೋಣ. ದೊಡ್ಡ ದೃಶ್ಯ ಕಂಡೊಡನೆ ಕೈ ತಾನಾಗಿ ಜೂಮನ್ನು 18ಕ್ಕೆ ತಿರುಗಿಸುತ್ತದೆ. ಆ ತುದಿಯಲ್ಲಿ ಲೆನ್ಸ್ ಅಡ್ಡಲಾಗಿ ಸುಮಾರು 66 ಡಿಗ್ರಿ ನೋಡುತ್ತದೆ, 55ರಲ್ಲಿ 24 ಡಿಗ್ರಿ. ಅಷ್ಟೂ ಅಗಲವನ್ನು ಒಂದೇ ಚೌಕಟ್ಟಿಗೆ ತುಂಬಿದಾಗ ಬೆಟ್ಟ 55ರಲ್ಲಿ ಇರುವುದರ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಮಗಳನ್ನು ಎರಡು ಮೀಟರ್ ಮುಂದೆ ನಿಲ್ಲಿಸಿ 18 ಎಂಎಂನಲ್ಲಿ ತೆಗೆಯಿರಿ. ಬಳಿಕ ಅವಳಿಂದ ಆರು ಮೀಟರ್ ದೂರಕ್ಕೆ ಹೋಗಿ 55ರಲ್ಲಿ ತೆಗೆಯಿರಿ. ಎರಡರಲ್ಲೂ ಮಗಳು ಅಷ್ಟೇ ದೊಡ್ಡವಳು, ಎರಡನೆಯದರಲ್ಲಿ ಬೆಟ್ಟ ಮಾತ್ರ ಮೂರು ಪಟ್ಟು ಎದ್ದು ನಿಂತಿರುತ್ತದೆ. ಅಗಲವೂ ಬೇಕು, ಎತ್ತರವೂ ಬೇಕು ಎನ್ನುವಾಗ 55ರಲ್ಲೇ ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದು, ಒಂದರ ಮೇಲೊಂದು ಮೂರನೇ ಒಂದು ಭಾಗ ಬರುವಂತೆ ಎಡದಿಂದ ಬಲಕ್ಕೆ ಐದಾರು ಚಿತ್ರ ತೆಗೆದು ಮನೆಯಲ್ಲಿ ಹೊಲಿಯಬಹುದು. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮೊದಲೇ ಲಾಕ್ ಮಾಡದಿದ್ದರೆ ಆಕಾಶದಲ್ಲಿ ಹೊಲಿಗೆ ಕಾಣುತ್ತದೆ.

18 ಎಂಎಂಗೆ ಬೆಲೆ ಇಲ್ಲವೆಂದಲ್ಲ, ಹತ್ತಿರದಲ್ಲಿ ಏನಾದರೂ ಇರಬೇಕು: ಬಂಡೆ, ಹುಲ್ಲಿನ ಕುಚ್ಚು, ನೀರಿನ ಅಂಚು. ಮಂಡಿಯೂರಿ ಅದರ ಬಳಿ ಹೋಗಿ. ಎಫ್/8 ಇಟ್ಟು ಎರಡು ಮೀಟರ್ ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಒಂದು ಮೀಟರಿನಿಂದ ಕಣ್ಣು ಹರಿಯುವವರೆಗೂ ಸ್ಪಷ್ಟವಾಗಿರುತ್ತದೆ. ಬೆಟ್ಟಕ್ಕೇ ಫೋಕಸ್ ಮಾಡಿದರೆ ಮುಂದಿನ ಬಂಡೆ ಮೆತ್ತಗಾಗುತ್ತದೆ. ಇನ್ನೂ ಚೂಪಾಗಲೆಂದು ಎಫ್/22ಕ್ಕೆ ಹೋಗಬೇಡಿ. ಎಪಿಎಸ್-ಸಿ ಸೆನ್ಸರಿನಲ್ಲಿ ಎಫ್/11 ದಾಟಿದಂತೆ ಡಿಫ್ರಾಕ್ಷನ್‌ನಿಂದ (ಕಿರಿದಾದ ಕಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಇಡೀ ಚಿತ್ರವೇ ಮಂದವಾಗುತ್ತದೆ.

ಬಿಳಿ ಆಕಾಶಕ್ಕೆ ಕಾರಣ, ನೆರಳಿನ ನೆಲಕ್ಕೂ ಆಕಾಶಕ್ಕೂ ಇರುವ ಅಂತರ ಸೆನ್ಸರಿನ ಹಿಡಿತ ಮೀರಿರುವುದು. ಕ್ಯಾಮೆರಾ ಹೆಚ್ಚು ಜಾಗ ಹಿಡಿದ ನೆಲವನ್ನು ಆರಿಸಿಕೊಂಡು ಆಕಾಶವನ್ನು ಕೈಬಿಡುತ್ತದೆ. ನೀವು ಉಲ್ಟಾ ಮಾಡಿ. ಫೈಲನ್ನು ‘ರಾ’ ರೂಪದಲ್ಲಿ (ಸೆನ್ಸರಿನ ಪೂರ್ತಿ ಮಾಹಿತಿ ಉಳಿಯುವ ರೂಪ) ಉಳಿಸಿ, ಕಾಂಪನ್ಸೇಷನ್ –1ರ ಬಳಿ ಇಟ್ಟು, ಹಿಸ್ಟೋಗ್ರಾಮಿನ (ಕತ್ತಲೆಯನ್ನು ಎಡಕ್ಕೆ, ಬೆಳಕನ್ನು ಬಲಕ್ಕೆ ತೋರಿಸುವ ನಕ್ಷೆ) ರಾಶಿ ಬಲ ಗೋಡೆಗೆ ಅಂಟದಂತೆ ನೋಡಿಕೊಳ್ಳಿ. ನೆಲ ಕಪ್ಪಾಗಿ ಕಂಡೀತು. ಅದನ್ನು ಆಮೇಲೆ ಎತ್ತಬಹುದು. ಸುಟ್ಟುಹೋದ ಆಕಾಶದಲ್ಲಿ ಎತ್ತಲು ಏನೂ ಉಳಿದಿರುವುದಿಲ್ಲ. ಫೋನಿನಲ್ಲಾದರೆ ಆಕಾಶದ ಮೇಲೆ ಬೆರಳೊತ್ತಿ ಹಿಡಿದು ಬೀಗ ಹಾಕಿ, ಬೆಳಕಿನ ಗುರುತನ್ನು ಕೆಳಗೆ ಎಳೆಯಿರಿ. ಮಂಜು ಧೂಳು ತುಂಬಿ ಆಕಾಶ ನಿಜಕ್ಕೂ ಬೆಳ್ಳಗಿರುವ ದಿನ ಈ ಯಾವ ಕಸರತ್ತೂ ಫಲಿಸದು. ಅಂದು ಆಕಾಶಕ್ಕೆ ಚೌಕಟ್ಟಿನ ಐದನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಕೊಡಬೇಡಿ. ಪೋಲರೈಸರ್ ಫಿಲ್ಟರ್ ನೀಲಿಯನ್ನು ಗಾಢವಾಗಿಸುವುದು ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಮಾತ್ರ. 18 ಎಂಎಂನಲ್ಲಿ ಅದೇ ಫಿಲ್ಟರ್ ಆಕಾಶದ ಒಂದು ಮೂಲೆಯನ್ನು ಕಪ್ಪಾಗಿಸಿ ಇನ್ನೊಂದನ್ನು ಹಾಗೇ ಬಿಡುತ್ತದೆ.

ಹೊತ್ತು ಆರಿಸಿಕೊಳ್ಳಲು ಸಾಧ್ಯವಾದರೆ ಸೂರ್ಯ ದಿಗಂತದ ಬಳಿ ಇರುವಾಗ ಹೋಗಿ. ಪಕ್ಕದ ಬೆಳಕು ಬೆಟ್ಟದ ಮಡಿಕೆಗಳನ್ನು ಬಿಡಿಸಿ ತೋರಿಸುತ್ತದೆ. ಕೈಯನ್ನು ಪೂರ್ತಿ ಚಾಚಿ, ಸೂರ್ಯನ ಕೆಳಗೆ ದಿಗಂತದವರೆಗೆ ಎಷ್ಟು ಬೆರಳು ಹಿಡಿಯುತ್ತವೆ ಎಣಿಸಿ, ಬೆರಳಿಗೆ ಹೆಚ್ಚುಕಡಿಮೆ ಕಾಲು ಗಂಟೆ. ಎದುರಿಗೆ ಬೆಟ್ಟವಿದ್ದರೆ ಸೂರ್ಯ ಅದರ ಹಿಂದೆ ಬೇಗ ಮರೆಯಾಗುತ್ತಾನೆ ಎಂಬುದನ್ನು ಲೆಕ್ಕದಲ್ಲಿಡಿ. ಜಲಪಾತ ನೊರೆಯ ಬಟ್ಟೆಯಂತೆ ಕಾಣಬೇಕಾದರೆ 1/4ರಿಂದ 1 ಸೆಕೆಂಡ್, ಟ್ರೈಪಾಡ್, ಎರಡು ಸೆಕೆಂಡಿನ ಟೈಮರ್.

ದಾರಿಯಲ್ಲಿ ಬೇಲಿಯೊಳಗಿನ ಪ್ರಾಣಿ ಸಿಕ್ಕರೆ, ಅಲ್ಲಿಯವರು ಬಿಡುವಷ್ಟು ಬೇಲಿಗೆ ಹತ್ತಿರ ಹೋಗಿ, 55 ಎಂಎಂ, ಅಪರ್ಚರ್ ಪೂರ್ತಿ ತೆರೆದು, ಪ್ರಾಣಿ ಬೇಲಿಯಿಂದ ದೂರ ಸರಿದಾಗ ತೆಗೆಯಿರಿ. ತಂತಿ ಕರಗಿ ಮಾಯವಾಗುತ್ತದೆ. ಬಿಸಿಲು ಬಿದ್ದ ತಂತಿ ಮಾತ್ರ ಬೆಳ್ಳನೆಯ ಮಬ್ಬಾಗಿ ಉಳಿಯುತ್ತದೆ, ನೆರಳಿನಲ್ಲಿರುವ ಭಾಗ ಹುಡುಕಿ. ಗಾಜಿನ ಹಿಂದಿದ್ದರೆ ಲೆನ್ಸ್ ಹುಡ್ಡನ್ನು ಗಾಜಿಗೆ ತಾಗಿಸಿ. ಎಸಿ ಕೋಣೆಯಿಂದ ಸೆಕೆ ಹವೆಗೆ ಬರುವಾಗ ಕ್ಯಾಮೆರಾವನ್ನು ಅರ್ಧ ಗಂಟೆ ಮುಚ್ಚಿದ ಚೀಲದಲ್ಲೇ ಬಿಡಿ, ಇಲ್ಲದಿದ್ದರೆ ಗಾಜಿನ ಮೇಲೆ ಹನಿಗಟ್ಟುತ್ತದೆ. ಒರೆಸಿದಷ್ಟೂ ಮತ್ತೆ ಬರುತ್ತದೆ.

ಇನ್ನು ಲೆನ್ಸ್. ಎಫ್/1.8 ತೆರೆಯುವ ಒಂದು ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ನಿಮ್ಮ ಎಫ್/5.6ಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಂಜೆಯ 1/30 ಆಗ 1/300 ಆಗುತ್ತದೆ. ಮಗಳ ಸಂಜೆಯಾಟಕ್ಕೆ ಅದು ನಿಜವಾದ ಪರಿಹಾರ. ನಾಯಿಗೆ ಅರ್ಧ ನೆರವು, ಬೆಟ್ಟಕ್ಕೆ ಏನೂ ಇಲ್ಲ. 35 ಎಂಎಂ ಕೊಳ್ಳಬೇಕೋ 50 ಎಂಎಂ ಕೊಳ್ಳಬೇಕೋ ಎಂಬುದಕ್ಕೆ ನಿಮ್ಮ ಹಳೆಯ ಚಿತ್ರಗಳೇ ಉತ್ತರ. ಕಳೆದ ಆರು ತಿಂಗಳಲ್ಲಿ ಮನೆಯೊಳಗೆ ತೆಗೆದವನ್ನು ಕಂಪ್ಯೂಟರಿನಲ್ಲಿ ತೆರೆದು, ಫೈಲಿನ ವಿವರದಲ್ಲಿ ಫೋಕಲ್ ಲೆಂತ್ (ಎಂಎಂ ಸಂಖ್ಯೆ) ಎಷ್ಟೆಂದು ಗುರುತು ಹಾಕಿಕೊಳ್ಳಿ. ಬಹುಪಾಲು 28ರಿಂದ 40ರ ನಡುವೆ ಇದ್ದರೆ 35, 45ರ ಮೇಲಿದ್ದರೆ 50. ಚಿಕ್ಕ ಕೋಣೆಯಲ್ಲಿ 50 ಹಿಡಿದವರು ಬೆನ್ನು ಗೋಡೆಗೆ ತಾಗಿಸಿ ನಿಂತೂ ಮಗುವಿನ ಪಾದ ಕತ್ತರಿಸುತ್ತಿರುತ್ತಾರೆ, ಹಾಗಾಗಿ ಅನುಮಾನವಿದ್ದರೆ 35. ಕೊಳ್ಳುವ ಮುನ್ನ ಈಗಿನ ಜೂಮನ್ನೇ 35ಕ್ಕೆ ತಿರುಗಿಸಿ, ರಿಂಗಿಗೆ ಒಂದು ತುಂಡು ಟೇಪ್ ಅಂಟಿಸಿ ಒಂದು ವಾರ ಮನೆಯಲ್ಲಿ ಹಾಗೇ ತೆಗೆದು ನೋಡಿ.